2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಹಂತಹಂತವಾಗಿ ಬಿಡಿಸುವ ಬಗೆ

ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಕೈಗೆ ಸಿಕ್ಕರೆ ಹೆಚ್ಚಿನವರು ಅದನ್ನು 3, 7, 11, 13 ಎಂದು ಭಾಗಿಸುತ್ತಾ ಕೂರುತ್ತಾರೆ. ಅದಕ್ಕಿಂತ ಬೇಗ ಫಲ ಕೊಡುವ ದಾರಿಯೊಂದಿದೆ. ಸಂಖ್ಯೆಯನ್ನು ಪಕ್ಕಕ್ಕಿಟ್ಟು ಅದರ ನೆರೆಹೊರೆಯನ್ನು ವಿಚಾರಿಸಿ: ಅದಕ್ಕಿಂತ ಒಂದು ಕಡಿಮೆಯದು, ಒಂದು ಹೆಚ್ಚಿನದು. ಅವಿಭಾಜ್ಯವನ್ನು ಒಡೆಯಲು ಬರುವುದಿಲ್ಲ, ಆದರೆ ಅದರ ಎಡಬಲದಲ್ಲಿರುವ ಎರಡೂ ಸಮಸಂಖ್ಯೆಗಳು ಒಡೆಯುತ್ತವೆ. ಅವು ಹೇಗೆ ಒಡೆಯುತ್ತವೆ ಎಂಬುದರಲ್ಲೇ ಆ ಅವಿಭಾಜ್ಯದ ಸ್ವಭಾವವೆಲ್ಲ ಬಯಲಾಗುತ್ತದೆ.

ಇಲ್ಲಿ ಉದಾಹರಣೆಗೆ ಆರಿಸಿಕೊಂಡಿರುವುದು 2³¹ − 1, ಅಂದರೆ 2147483647. ಇನ್ನು ಮುಂದೆ ಇದನ್ನು ‘ಪ’ ಎನ್ನೋಣ. ಇದರ ಎರಡೂ ನೆರೆಗಳನ್ನು ಕೈಯಲ್ಲೇ ಪೂರ್ತಿಯಾಗಿ ಒಡೆಯಬಹುದು, ಆದ್ದರಿಂದ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಂಖ್ಯೆ ಸಿಗುವುದು ಕಷ್ಟ. ಬೇಕಾದ ಸಾಮಗ್ರಿ ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್. ದೊಡ್ಡ ಘಾತಗಳಿಗೆ ಪೈಥಾನ್ ಇದ್ದರೆ ಸಾಕು. ಅದರ ‘ಪೌ’ (pow) ಫಂಕ್ಷನ್‌ಗೆ ಆಧಾರ, ಘಾತ, ಭಾಜಕ ಎಂಬ ಮೂರನ್ನೂ ಒಟ್ಟಿಗೆ ಕೊಡಿ. ಮೊದಲು ಘಾತವನ್ನು ಪೂರ್ತಿ ಲೆಕ್ಕ ಹಾಕಿ ಆಮೇಲೆ ಶೇಷ ತೆಗೆಯಲು ಹೋದರೆ ಸಂಖ್ಯೆ ಕೋಟಿಗಟ್ಟಲೆ ಅಂಕಿಗಳಿಗೆ ಬೆಳೆದು ಲೆಕ್ಕ ತೀರಾ ನಿಧಾನವಾಗುತ್ತದೆ.

ಹಂತ 1: ಗಾತ್ರ ಮತ್ತು ವರ್ಗಮೂಲ

ಪ ಹತ್ತಂಕಿಯ ಸಂಖ್ಯೆ. ಬೈನರಿಯಲ್ಲಿ ಬರೆದರೆ ಸಾಲಾಗಿ 31 ಒಂದುಗಳು. 46340ರ ವರ್ಗ 2147395600, 46341ರ ವರ್ಗ 2147488281. ಪ ಇವೆರಡರ ನಡುವೆ ಇದೆ. ಹಾಗಾಗಿ ಪ ಸಂಯುಕ್ತ ಸಂಖ್ಯೆಯಾಗಿದ್ದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ 46340ರೊಳಗೇ ಇರಬೇಕು.

ಕೋಡ್ ಬರೆಯುವವರು ಎಡವುವ ಒಂದು ಜಾಗ ಇಲ್ಲೇ ಇದೆ. ‘ಭಾಜಕದ ವರ್ಗ ಪಗಿಂತ ಹೆಚ್ಚಾಗುವವರೆಗೆ ಮುಂದುವರಿ’ ಎಂಬ ಷರತ್ತನ್ನು 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದಲ್ಲಿ ಬರೆದರೆ ಲೂಪ್ ನಿಲ್ಲುವುದೇ ಇಲ್ಲ. ಆ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆಯೇ ಪ. 46341ರ ವರ್ಗ ಅದನ್ನು ಮೀರಿ ಸಾಮಾನ್ಯವಾಗಿ ಋಣಸಂಖ್ಯೆಯಾಗಿಬಿಡುತ್ತದೆ, ಷರತ್ತು ಸರಿಯೆಂದೇ ತೋರುತ್ತಾ ಹೋಗುತ್ತದೆ. ವರ್ಗ ಮಾಡುವ ಬದಲು ‘ಭಾಜಕವು ಪವನ್ನು ಅದೇ ಭಾಜಕದಿಂದ ಭಾಗಿಸಿದ ಬೆಲೆಗಿಂತ ಹೆಚ್ಚಿಲ್ಲ’ ಎಂದು ಬರೆಯಿರಿ, ಅಥವಾ 64 ಬಿಟ್ ಬಳಸಿ.

ಹಂತ 2: ಭಾಜಕಗಳ ಪಟ್ಟಿಯನ್ನು ಮೊದಲೇ ಸೋಸಿಕೊಳ್ಳುವುದು

46340ರೊಳಗಿನ ಅವಿಭಾಜ್ಯಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಎಲ್ಲದರಿಂದಲೂ ಭಾಗಿಸುವ ಅಗತ್ಯವಿಲ್ಲ. ‘ದ’ ಎಂಬ ಅವಿಭಾಜ್ಯವು ಪವನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³¹ನ್ನು ದದಿಂದ ಭಾಗಿಸಿದರೆ ಶೇಷ 1. 31 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಘಾತಕ್ಕೆ ಶೇಷ 1 ಬರಲಾರದು. ಫರ್ಮಾನ ಪ್ರಮೇಯದ ಪ್ರಕಾರ 2ರ (ದ − 1)ನೇ ಘಾತಕ್ಕೂ ಶೇಷ 1 ಬರಬೇಕು, ಆದ್ದರಿಂದ 31 ಎಂಬುದು ದ − 1ನ್ನು ಭಾಗಿಸಲೇಬೇಕು. ದ ಬೆಸವೂ ಆಗಿರುವುದರಿಂದ ಅದನ್ನು 62ರಿಂದ ಭಾಗಿಸಿದರೆ ಶೇಷ 1.

ಎರಡನೆಯ ಜರಡಿ ಬಲಗಡೆಯ ನೆರೆಯಿಂದ ಬರುತ್ತದೆ. 65536ರ ವರ್ಗ 2³². ಅದು 2ರ 2³¹ ಪಟ್ಟು, ಅಂದರೆ ದದಿಂದ ಭಾಗಿಸಿದಾಗ ಶೇಷ 2. ದದ ಲೋಕದಲ್ಲಿ, ಅಂದರೆ ದದಿಂದ ಭಾಗಿಸಿದ ಶೇಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, 2ಕ್ಕೆ ವರ್ಗಮೂಲವಿದೆ ಎಂದಾಯಿತು. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರುವ ಅವಿಭಾಜ್ಯಗಳಲ್ಲಿ ಮಾತ್ರ ಹೀಗಾಗುತ್ತದೆ. ಎರಡೂ ಷರತ್ತು ಸೇರಿಸಿದರೆ ದ ಎಂಬುದು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ಸಂಖ್ಯೆಯೇ ಆಗಿರಬೇಕು.

46340ರೊಳಗೆ ಮೊದಲ ರೂಪದವು 186, ಎರಡನೆಯ ರೂಪದವು 187, ಒಟ್ಟು 373. ಇವುಗಳಲ್ಲೂ ಸಂಯುಕ್ತಗಳನ್ನು ಹೊಡೆದುಹಾಕಿದರೆ ಉಳಿಯುವುದು ಸುಮಾರು ಎಂಬತ್ತು. 249 ಹೋಗುತ್ತದೆ, ಅದು 3 × 83. 497 ಹೋಗುತ್ತದೆ, ಅದು 7 × 71. 559 ಅಂದರೆ 13 × 43, ಅದೂ ಹೋಗುತ್ತದೆ. ನಿಜವಾಗಿ ಪರೀಕ್ಷಿಸಬೇಕಾದ ಮೊದಲನೆಯದು 311, ಅದರ ನಂತರದ್ದು 1303.

311ರ ಪರೀಕ್ಷೆಯನ್ನು ಭಾಗಾಕಾರವಿಲ್ಲದೆ ಹೀಗೆ ಮಾಡಿ. 2⁸ = 256, ಇದನ್ನು −55 ಎಂದು ಇಟ್ಟುಕೊಳ್ಳಿ. ವರ್ಗ ಮಾಡಿದರೆ 3025, ಶೇಷ 226, ಅಂದರೆ −85. ಇದು 2¹⁶. 2⁸ ಮತ್ತು 2¹⁶ ಗುಣಿಸಿದರೆ 4675, ಶೇಷ 10. ಇದು 2²⁴. ಇನ್ನು 2⁷, ಅಂದರೆ 128ರಿಂದ ಗುಣಿಸಿದರೆ 1280, ಶೇಷ 36. ಹಾಗಾಗಿ 2³¹ − 1ಕ್ಕೆ ಶೇಷ 35. ಸೊನ್ನೆ ಬರಲಿಲ್ಲ, 311 ಭಾಗಿಸುವುದಿಲ್ಲ. ಶೇಷ ದೊಡ್ಡದಾದಾಗಲೆಲ್ಲ ಹೀಗೆ ಋಣರೂಪಕ್ಕೆ ತಿರುಗಿಸಿಕೊಂಡರೆ ಕೈಲೆಕ್ಕದಲ್ಲಿ ತಪ್ಪು ಕಡಿಮೆ.

ಗಣಿತಜ್ಞ ಆಯ್ಲರ್ 1772ರ ಹೊತ್ತಿಗೆ ಪ ಅವಿಭಾಜ್ಯವೆಂದು ಖಚಿತಪಡಿಸಿದ್ದು ಇದೇ ಎರಡು ಜರಡಿಗಳಿಂದ. 1588ರಲ್ಲೇ ಇಟಲಿಯ ಗಣಿತಜ್ಞ ಕಟಾಲ್ಡಿ ಈ ಸಂಖ್ಯೆ ಅವಿಭಾಜ್ಯ ಎಂದು ಹೇಳಿದ್ದ, ಆದರೆ ಅದೇ ಉಸಿರಿನಲ್ಲಿ 2²³ − 1, 2²⁹ − 1 ಕೂಡ ಅವಿಭಾಜ್ಯ ಎಂದಿದ್ದ. ಮೊದಲನೆಯದು 47 × 178481, ಎರಡನೆಯದು 233 × 1103 × 2089. ಘಾತಾಂಕ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗುತ್ತದೆ ಎಂದು ನಂಬಿ ಇಂದಿಗೂ ಎಷ್ಟೋ ಜನ ಅದೇ ಹಳ್ಳಕ್ಕೆ ಬೀಳುತ್ತಾರೆ. 1867ರವರೆಗೂ ಪಯೇ ಜಗತ್ತಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು.

ಹಂತ 3: ಎಡಗಡೆಯ ನೆರೆಯನ್ನು ಒಡೆಯುವುದು

ಪ − 1 = 2147483646. ಇದನ್ನು ಕಣ್ಣುಮುಚ್ಚಿ ಭಾಗಿಸಲು ಹೊರಡಬೇಡಿ, ಬೀಜಗಣಿತ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಪ − 1 ಅಂದರೆ 2³¹ − 2, ಅಂದರೆ 2 × (2³⁰ − 1), ಅಂದರೆ 2 × (2¹⁵ − 1) × (2¹⁵ + 1). ಈಗ 32767 ಮತ್ತು 32769 ಎಂಬ ಎರಡು ಸಣ್ಣ ಸಂಖ್ಯೆಗಳಷ್ಟೇ ಉಳಿದವು. ಮೊದಲನೆಯದು 7 × 31 × 151. ಎರಡನೆಯದು 3² × 11 × 331. ಆದ್ದರಿಂದ

ಪ − 1 = 2 × 3² × 7 × 11 × 31 × 151 × 331

ಇದನ್ನು ಕಾಗದದ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳಿಗೆಲ್ಲ ಬೇಕಾಗುತ್ತದೆ. ಬಲಗಡೆಯ ನೆರೆ ಪ + 1 ಅಂತೂ 2³¹ ಎಂದು ಹುಟ್ಟಿನಿಂದಲೇ ಒಡೆದಿದೆ.

ಹಂತ 4: ಬೇಗ ಉತ್ತರ ಕೊಡುವ ಪರೀಕ್ಷೆ, ಅದು ಮೋಸಹೋಗುವ ಜಾಗ

ಎಂಬತ್ತು ಭಾಗಾಕಾರಗಳೂ ಬೇಡವೆಂದರೆ ಮಿಲ್ಲರ್–ರಾಬಿನ್ ಪರೀಕ್ಷೆ ಇದೆ. ಪ − 1ರಲ್ಲಿ 2 ಒಂದೇ ಸಲ ಬರುವುದರಿಂದ ಇಲ್ಲಿ ಅದು ತೀರಾ ಸರಳ: ಒಂದು ಆಧಾರ ಸಂಖ್ಯೆ ತೆಗೆದುಕೊಂಡು ಅದನ್ನು 1073741823ನೇ ಘಾತಕ್ಕೆ ಏರಿಸಿ, ಪದಿಂದ ಭಾಗಿಸಿದ ಶೇಷ ನೋಡಿ. 1 ಅಥವಾ ಪ − 1 ಬರಬೇಕು. ಬೇರೆ ಏನು ಬಂದರೂ ಸಂಖ್ಯೆ ಸಂಯುಕ್ತ, ಅದರಲ್ಲಿ ಅನುಮಾನವಿಲ್ಲ.

ಯಾವ ಆಧಾರ ಎಂಬುದು ಮುಖ್ಯ. 475,91,23,141ಕ್ಕಿಂತ ಚಿಕ್ಕದಾದ ಯಾವುದೇ ಬೆಸಸಂಖ್ಯೆಗೆ 2, 7, 61 ಎಂಬ ಮೂರು ಆಧಾರಗಳು ಸಾಕು (ಪರೀಕ್ಷಿಸುವ ಸಂಖ್ಯೆ ಆ ಮೂರರಲ್ಲಿ ಒಂದಾಗಿರಬಾರದು, ಅಷ್ಟೇ). ಮೂರರಲ್ಲೂ ಪಾಸಾದರೆ ಅದು ಸಾಧನೆಯೇ (ಪುರಾವೆಯೇ) ಸರಿ, ಬರೀ ಊಹೆಯಲ್ಲ. 2⁶⁴ರವರೆಗೆ ಹೋಗಬೇಕಾದರೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಬಳಸಿ. ನಮ್ಮ ಪಗೆ ಬರಬೇಕಾದ ಉತ್ತರಗಳು: ಆಧಾರ 2ಕ್ಕೆ 1, ಆಧಾರ 61ಕ್ಕೆ 1, ಆಧಾರ 7ಕ್ಕೆ 2147483646. ಆಧಾರ 3 ಮತ್ತು 5ಕ್ಕೂ 2147483646 ಬರಬೇಕು. ನಿಮ್ಮ ಕೋಡ್ ಬೇರೆ ಏನನ್ನಾದರೂ ತೋರಿಸಿದರೆ ತಪ್ಪು ಕೋಡಿನಲ್ಲಿದೆ.

ಆಧಾರ 2ನ್ನು ಮಾತ್ರ ಇಂಥ ಸಂಖ್ಯೆಗಳಿಗೆ ಎಂದೂ ಒಂಟಿಯಾಗಿ ನಂಬಬೇಡಿ. 2047 ಅಂದರೆ 2¹¹ − 1. ಅದು 23 × 89, ಸ್ಪಷ್ಟವಾಗಿ ಸಂಯುಕ್ತ. ಆದರೂ ಆಧಾರ 2ರ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಯಾಕೆಂದರೆ 2¹¹ಗೆ ಶೇಷ 1, ಮತ್ತು ಪರೀಕ್ಷೆಯ ಘಾತವಾದ 1023 ಎಂಬುದು 11 × 93. ಬೆಸ ಅವಿಭಾಜ್ಯ ಘಾತಾಂಕವಿರುವ ಮರ್ಸೆನ್ ಸಂಖ್ಯೆ (2ರ ಘಾತದಿಂದ 1 ಕಳೆದು ಬರುವಂಥದ್ದು) ಯಾವುದೇ ಆಗಲಿ ಆಧಾರ 2ರಲ್ಲಿ ಪಾಸಾಗಿಯೇ ತೀರುತ್ತದೆ. ಮರ್ಸೆನ್ ಸಂಖ್ಯೆಗಳನ್ನು ಹುಡುಕುವವರು ಆಧಾರ 3 ಹಿಡಿಯುವುದು ಇದಕ್ಕೇ. ಇನ್ನು ಹಳೆಯ ಫರ್ಮಾ ಪರೀಕ್ಷೆ, ಆಧಾರವನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಶೇಷ 1 ಬರುತ್ತದೆಯೇ ಎಂದಷ್ಟೇ ನೋಡುವುದು. ಅದನ್ನು 561 (3 × 11 × 17) ತನಗೆ ಸಹ ಅವಿಭಾಜ್ಯವಾದ (1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ) ಎಲ್ಲ ಆಧಾರಗಳಲ್ಲೂ ವಂಚಿಸುತ್ತದೆ. ಮಿಲ್ಲರ್–ರಾಬಿನ್ ಸಿಗುವಾಗ ಅದನ್ನು ಬಳಸಲು ಕಾರಣವೇ ಇಲ್ಲ.

ಹಂತ 5: ಎರಡು ನೆರೆಗಳಿಂದ ಎರಡು ಪ್ರತ್ಯೇಕ ಸಾಧನೆ

ಎಡಗಡೆಯಿಂದ ಪೋಕ್ಲಿಂಗ್ಟನ್ ವಿಧಾನ. ಪ − 1ರ ಅಪವರ್ತನಗಳಲ್ಲಿ ಕೆಲವನ್ನು ಆರಿಸಿ. ಅವುಗಳ ಗುಣಲಬ್ಧ ಪದ ವರ್ಗಮೂಲವನ್ನು ಮೀರಿದರೆ ಸಾಕು. 151 × 331 = 49981. ವರ್ಗಮೂಲ 46341ಕ್ಕಿಂತ ಕಡಿಮೆ. ಹೀಗಾಗಿ ಏಳು ಬಗೆಯ ಅಪವರ್ತನಗಳಿದ್ದರೂ ಕೊನೆಯ ಎರಡರಿಂದಲೇ ಕೆಲಸ ಮುಗಿಯುತ್ತದೆ. ಆಧಾರ 7 ಹಿಡಿದು ಮೂರು ಲೆಕ್ಕ ಮಾಡಿ. 7ರ (ಪ − 1)ನೇ ಘಾತಕ್ಕೆ ಶೇಷ 1 ಬರಬೇಕು. 7ರ 14221746ನೇ ಘಾತದಿಂದ 1 ಕಳೆದು ಪದೊಂದಿಗೆ ಮ.ಸಾ.ಅ. ತೆಗೆದರೆ 1 ಬರಬೇಕು. ಇದು 151ಕ್ಕೆ. 331ಕ್ಕಾಗಿ 7ರ 6487866ನೇ ಘಾತದೊಂದಿಗೆ ಅದನ್ನೇ ಮಾಡಿ. ಮೂರೂ ಸರಿಯಾದರೆ ಪ ಅವಿಭಾಜ್ಯ. ಇಲ್ಲಿ ಆಧಾರ 2 ಹಾಕಿದರೆ ಕೈಕೊಡುತ್ತದೆ: ಎರಡೂ ಘಾತಗಳು 31ರ ಗುಣಕಗಳು, ಶೇಷ 1 ಆಗಿ, ಕಳೆದಾಗ ಸೊನ್ನೆಯಾಗಿ, ಮ.ಸಾ.ಅ. ಪಯೇ ಬರುತ್ತದೆ. ಇದರಿಂದ ಪ ಸಂಯುಕ್ತ ಎಂದು ತೀರ್ಮಾನಿಸಬೇಡಿ, ಆಧಾರ ಬದಲಿಸಿ.

ಬಲಗಡೆಯಿಂದ ಲೂಕಾಸ್–ಲೆಹ್ಮರ್ ವಿಧಾನ. 4ರಿಂದ ಶುರು ಮಾಡಿ. ಪ್ರತಿ ಸಲ ವರ್ಗ ಮಾಡಿ, 2 ಕಳೆದು, ಶೇಷ ತೆಗೆಯಿರಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ, ಅಂದರೆ ಇಲ್ಲಿ 29 ಸಲ, ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. ಮೊದಲು 127ರ ಮೇಲೆ ಕೈ ಪಳಗಿಸಿಕೊಳ್ಳಿ: 4, 14, 67, 42, 111, 0. ಐದು ಸಲಕ್ಕೆ ಸೊನ್ನೆ. 2047ರ ಮೇಲೆ ಮಾಡಿದರೆ 4, 14, 194, 788, 701, 119, 1877, 240, 282, 1736. ಒಂಬತ್ತು ಸಲವಾದರೂ ಸೊನ್ನೆಯಿಲ್ಲ. ಪದ ಮೇಲೆ ಮೊದಲ ಬೆಲೆಗಳು 4, 14, 194, 37634, 1416317954, 669670838. ನಿಮ್ಮ ಆರನೆಯ ಬೆಲೆ ಇದಕ್ಕೆ ಹೊಂದದಿದ್ದರೆ ಬಹುಶಃ ಲೆಕ್ಕ ಅಲ್ಲೇ ಪೂರ್ಣಾಂಕದ ಮಿತಿ ಮೀರಿ ಕೆಟ್ಟಿದೆ.

ಕೊನೆಯಲ್ಲೊಂದು ಸೊಗಸಾದ ತಾಳೆ ಇದೆ. ಕಡೆಯ ಬೆಲೆ ಸೊನ್ನೆಯಾಗಬೇಕಾದರೆ ಅದರ ಹಿಂದಿನದರ ವರ್ಗ 2 ಆಗಿರಬೇಕು. ಪದ ಲೋಕದಲ್ಲಿ 2ರ ವರ್ಗಮೂಲಗಳು ಎರಡೇ: 65536 ಮತ್ತು ಪ − 65536. ಆದ್ದರಿಂದ 28ನೇ ಸಲ ಇವೆರಡರಲ್ಲಿ ಒಂದು ಕಾಣಲೇಬೇಕು. 127ರಲ್ಲೂ ಹಾಗೇ ಆಗಿದೆ, 111 ಅಂದರೆ 127 − 16.

ಅತಿ ಹೆಚ್ಚು ತಪ್ಪಾಗುವುದು ಎಣಿಕೆಯಲ್ಲಿ. 4ನ್ನೇ ಮೊದಲ ಸಲವೆಂದು ಎಣಿಸಿದರೆ ಒಂದು ಹೆಜ್ಜೆ ಮೊದಲೇ ನಿಂತು, ಸೊನ್ನೆ ಕಾಣದೆ, ಅವಿಭಾಜ್ಯವನ್ನು ಸಂಯುಕ್ತವೆಂದು ತಿರಸ್ಕರಿಸುತ್ತೀರಿ.

ಹಂತ 6: ಆವರ್ತ ಮತ್ತು ಪ್ರಿಮಿಟಿವ್ ರೂಟ್

ಒಂದು ಸಂಖ್ಯೆಯ ಘಾತಗಳು ಪದ ಲೋಕದಲ್ಲಿ ಎಷ್ಟನೆಯ ಹೆಜ್ಜೆಗೆ ಮೊದಲ ಸಲ 1ಕ್ಕೆ ಮರಳುತ್ತವೆಯೋ ಅದು ಆ ಸಂಖ್ಯೆಯ ಆವರ್ತ. ಆವರ್ತ ಯಾವಾಗಲೂ ಪ − 1ನ್ನು ಭಾಗಿಸುತ್ತದೆ. 2ರ ಆವರ್ತ ಬರೀ 31. ಪೂರ್ತಿ ಪ − 1 ಹೆಜ್ಜೆ ಹಾಕಿ, ಸೊನ್ನೆಯೊಂದನ್ನು ಬಿಟ್ಟು ಎಲ್ಲ ಶೇಷಗಳನ್ನೂ ಮುಟ್ಟಿಬರುವ ಸಂಖ್ಯೆಗೆ ಪ್ರಿಮಿಟಿವ್ ರೂಟ್ ಎನ್ನುತ್ತಾರೆ. ಹುಡುಕುವ ಕ್ರಮ ಹೀಗೆ: ಪ − 1ನ್ನು 2, 3, 7, 11, 31, 151, 331ರಿಂದ ಒಂದೊಂದಾಗಿ ಭಾಗಿಸಿ ಏಳು ಘಾತಗಳನ್ನು ಮಾಡಿಕೊಳ್ಳಿ. ಆರಿಸಿದ ಸಂಖ್ಯೆಯನ್ನು ಆ ಏಳಕ್ಕೂ ಏರಿಸಿ. ಒಂದರಲ್ಲೂ ಶೇಷ 1 ಬರದಿದ್ದರೆ ಅದೇ ಪ್ರಿಮಿಟಿವ್ ರೂಟ್. 7 ಪಾಸಾಗುತ್ತದೆ. ಇಂಥವು ಒಟ್ಟು 53,46,00,000, ಅಂದರೆ ಹೆಚ್ಚುಕಡಿಮೆ ನಾಲ್ಕಕ್ಕೊಂದು. ಹಾಗಾಗಿ ಹುಡುಕಾಟ ಎಂದೂ ಉದ್ದವಾಗುವುದಿಲ್ಲ.

7 ಸಿಕ್ಕಿತೆಂದರೆ ಉಳಿದವೂ ಸಿಕ್ಕಂತೆ. ಪ − 1ಗೆ ಸಹ ಅವಿಭಾಜ್ಯವಾದ ಯಾವ ಘಾತಕ್ಕೆ 7ನ್ನು ಏರಿಸಿದರೂ ಪ್ರಿಮಿಟಿವ್ ರೂಟ್ ಬರುತ್ತದೆ. 5 ಎಂಬುದು ಪ − 1ನ್ನು ಭಾಗಿಸುವುದಿಲ್ಲ, ಆದ್ದರಿಂದ 7⁵ = 16807 ಕೂಡ ಪ್ರಿಮಿಟಿವ್ ರೂಟ್. ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಶಿಫಾರಸು ಮಾಡಿದ ಯಾದೃಚ್ಛಿಕ ಸಂಖ್ಯೆಗಳ ಸೂತ್ರ ಇದೇ: ಹಿಂದಿನ ಬೆಲೆಯನ್ನು 16807ರಿಂದ ಗುಣಿಸಿ ಪದಿಂದ ಶೇಷ ತೆಗೆಯುವುದು. 1ರಿಂದ ಆರಂಭಿಸಿ 10000 ಹೆಜ್ಜೆ ನಡೆದರೆ 1043618065 ಬರಬೇಕು. ನಿಮ್ಮ ಗುಣಾಕಾರದ ಕೋಡನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. 32 ಬಿಟ್‌ನಲ್ಲೇ ಮಾಡಬೇಕಾದರೆ ಪ = 16807 × 127773 + 2836 ಎಂಬುದನ್ನು ಬಳಸಿ: ಬೆಲೆಯನ್ನು 127773ರಿಂದ ಭಾಗಿಸಿ, ಶೇಷವನ್ನು 16807ರಿಂದ ಗುಣಿಸಿ, ಭಾಗಲಬ್ಧದ 2836 ಪಟ್ಟನ್ನು ಕಳೆಯಿರಿ. ಉತ್ತರ ಋಣವಾದರೆ ಪ ಕೂಡಿಸಿ.

64 ಬಿಟ್ ಇದ್ದರೆ ಭಾಗಾಕಾರವೇ ಬೇಡ. ಗುಣಲಬ್ಧದ ಕೆಳಗಿನ 31 ಬಿಟ್‌ಗಳನ್ನೂ ಅವುಗಳ ಮೇಲಿನ ಬಿಟ್‌ಗಳನ್ನೂ ಬೇರ್ಪಡಿಸಿ ಕೂಡಿಸಿ. ಮೊತ್ತ ಪಗಿಂತ ಕಡಿಮೆ ಇಲ್ಲದಿದ್ದರೆ ಒಮ್ಮೆ ಪ ಕಳೆಯಿರಿ. ಪದ ಲೋಕದಲ್ಲಿ 2³¹ ಅಂದರೆ 1, ಆದ್ದರಿಂದ ಇದು ಸರಿ. ಎಲ್ಲ ಸಂಖ್ಯೆಗಳನ್ನೂ 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲೇ ಇಡುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮಾತ್ರ ಎಚ್ಚರ. ಅಲ್ಲಿ 2⁵³ರವರೆಗಷ್ಟೇ ಬೆಲೆ ನಿಖರ. ಇಲ್ಲಿ ಗುಣಲಬ್ಧ 2⁶²ರ ಹತ್ತಿರ ಹೋಗುತ್ತದೆ, ಕೊನೆಯ ಅಂಕಿಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಹಂತ 7: ವರ್ಗಗಳು

1/ಪ ಎಂಬ ಭಿನ್ನರಾಶಿಯ ದಶಮಾಂಶ ಅಂಕಿಗಳು ಎಷ್ಟಕ್ಕೊಮ್ಮೆ ಮರುಕಳಿಸುತ್ತವೆ ಎಂದು ತಿಳಿಯಬೇಕಾದರೆ 10ರ ಆವರ್ತ ಹುಡುಕಿ, ವಿಧಾನ ಮೇಲಿನದೇ. ವರ್ಗಗಳ ವಿಷಯ ಇನ್ನಷ್ಟು ಸ್ವಾರಸ್ಯಕರ. ಪವನ್ನು 8ರಿಂದ ಭಾಗಿಸಿದರೆ ಶೇಷ 7. ಈ ಒಂದು ಮಾತಿನಿಂದಲೇ ಮೂರು ಸಂಗತಿಗಳು ಹೊರಡುತ್ತವೆ. ಪದ ಲೋಕದಲ್ಲಿ −1ಕ್ಕೆ ವರ್ಗಮೂಲವಿಲ್ಲ. 2ಕ್ಕೆ ಇದೆ. ಮತ್ತು ಪವನ್ನು ಎರಡು ವರ್ಗಗಳ ಮೊತ್ತವಾಗಿಯೂ ಮೂರು ವರ್ಗಗಳ ಮೊತ್ತವಾಗಿಯೂ ಬರೆಯಲಾಗದು, ನಾಲ್ಕು ಬೇಕೇ ಬೇಕು. ಬರೆಯುವಾಗ ದುರಾಸೆಯಿಂದ 46340ರ ವರ್ಗ ತೆಗೆದರೆ 88047 ಉಳಿಯುತ್ತದೆ. ಅದಕ್ಕೂ 8ರಲ್ಲಿ ಶೇಷ 7, ಅದು ಮೂರು ವರ್ಗಗಳಿಗೆ ಒಗ್ಗುವುದಿಲ್ಲ. ಒಂದು ಮೆಟ್ಟಿಲು ಕೆಳಗಿಳಿಯಿರಿ:

46339² + 425² + 10² + 1² = 2147483647

ಒಂದು ಶೇಷಕ್ಕೆ ವರ್ಗಮೂಲ ಬೇಕಾದರೆ ಅದನ್ನು (ಪ + 1)/4ನೇ ಘಾತಕ್ಕೆ ಏರಿಸಬೇಕು. ಬಲಗಡೆಯ ನೆರೆ 2³¹ ಆದ್ದರಿಂದ ಈ ಘಾತ 2²⁹, ಅಂದರೆ 29 ಸಲ ಸುಮ್ಮನೆ ವರ್ಗ ಮಾಡುತ್ತಾ ಹೋದರಾಯಿತು. 2ರ ಮೇಲೆ ಪ್ರಯೋಗಿಸಿ, 65536 ಸಿಗುತ್ತದೆ. ಈ ಸೂತ್ರ ವರ್ಗಮೂಲವೇ ಇಲ್ಲದ ಶೇಷಕ್ಕೂ ಏನಾದರೊಂದು ಉತ್ತರ ಕೊಡುತ್ತದೆ. ಬಂದ ಉತ್ತರವನ್ನು ಮತ್ತೆ ವರ್ಗ ಮಾಡಿ ತಾಳೆ ನೋಡದೆ ಬಳಸಬೇಡಿ.

ಹಂತ 8: ಎಲ್ಲಿ ಬಳಸಬಾರದು

ಗುಪ್ತಲಿಪಿಗೆ ಬಳಸುವ ಅವಿಭಾಜ್ಯ ಹೇಗಿರಬಾರದು ಎಂಬುದಕ್ಕೆ ಪ ಒಳ್ಳೆಯ ಮಾದರಿ. ಗಾತ್ರ ಸಾಲದು ಎಂಬುದು ಒಂದು ಮಾತಾಯಿತು. ಆದರೆ ನೂರಾರು ಅಂಕಿಗಳಿದ್ದರೂ ಎಡಗಡೆಯ ನೆರೆ ಹೀಗೆ ಪುಡಿಪುಡಿಯಾಗುವಂತಿದ್ದರೆ ಅದು ನಿಲ್ಲುವುದಿಲ್ಲ. ಪ − 1ರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ 331. ಪೋಲಿಗ್–ಹೆಲ್ಮನ್ ವಿಧಾನದಲ್ಲಿ, ಗುಪ್ತಲಿಪಿಯವರು ಗುಟ್ಟಾಗಿಡುವ ಘಾತವನ್ನು ಪ್ರತಿ ಅಪವರ್ತನಕ್ಕೂ ಬೇರೆಬೇರೆಯಾಗಿ ಕಂಡುಹಿಡಿದು ಜೋಡಿಸಬಹುದು. ಅತಿ ಕಷ್ಟದ ತುಂಡಿಗೂ 331 ಬೆಲೆಗಳ ಪಟ್ಟಿ ಸಾಕು. ಒಂದು ದೊಡ್ಡ ಸಂಖ್ಯೆಯ ಅಪವರ್ತನವಾಗಿ ಇಂಥದ್ದು ಅಡಗಿದ್ದರೆ ಪೊಲಾರ್ಡ್‌ನ 1974ರ ವಿಧಾನ ಎಡ ನೆರೆಯಿಂದ, ವಿಲಿಯಮ್ಸ್‌ನ 1982ರ ವಿಧಾನ ಬಲ ನೆರೆಯಿಂದ ಅದನ್ನು ಹೊರಗೆಳೆಯುತ್ತವೆ.

ವೇಗದ ಬಹುಪದೋಕ್ತಿ ಗುಣಾಕಾರಕ್ಕೂ ಪ ನೇರವಾಗಿ ಒಗ್ಗದು. ಅಲ್ಲಿ ಪ − 1ರಲ್ಲಿ 2ರ ದೊಡ್ಡ ಘಾತ ಬೇಕು, ಇಲ್ಲಿರುವುದು ಒಂದೇ 2. ಅದಕ್ಕೆ 998244353 ಹಿಡಿಯಿರಿ. ಅದು 119 × 2²³ + 1, ಪ್ರಿಮಿಟಿವ್ ರೂಟ್ 3.

ಹಂತ 9: ಇದೇ ಸಾಧನಗಳನ್ನು ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಮೇಲೆ

2024ರ ಅಕ್ಟೋಬರಿನಲ್ಲಿ 2¹³⁶²⁷⁹⁸⁴¹ − 1 ಅವಿಭಾಜ್ಯವೆಂದು ಸಿದ್ಧವಾಯಿತು. ಮೊದಲು ಆಧಾರ 3ರ ಪರೀಕ್ಷೆ, ಆಮೇಲೆ ಲೂಕಾಸ್–ಲೆಹ್ಮರ್. ಅದರಲ್ಲಿ 4,10,24,320 ಅಂಕಿಗಳಿವೆ. ಅವಿಭಾಜ್ಯ ಎಂಬುದನ್ನು ಮನೆಯಲ್ಲಿ ಮರುಸಾಧಿಸುವುದು ಕಷ್ಟ, ಗುಣಗಳನ್ನು ಹೊರತೆಗೆಯುವುದು ಕಷ್ಟವಲ್ಲ. ಅಂಕಿಗಳ ಎಣಿಕೆಗೆ ಘಾತಾಂಕವನ್ನು 0.30102999566ರಿಂದ ಗುಣಿಸಿ, ಪೂರ್ಣಾಂಕಕ್ಕೆ 1 ಕೂಡಿಸಿ. ಕೊನೆಯ ಎರಡು ಅಂಕಿಗಳಿಗೆ ಘಾತಾಂಕವನ್ನು 20ರಿಂದ ಭಾಗಿಸಿ: ಶೇಷ 1, ಆದ್ದರಿಂದ 2ರ ಆ ಘಾತಕ್ಕೆ 25ರಲ್ಲಿ ಶೇಷ 2, 4ರಲ್ಲಿ ಶೇಷ 0. ಎರಡಕ್ಕೂ ಹೊಂದುವುದು 52, ಒಂದು ಕಳೆದರೆ 51. ಅದೂ 8ರಲ್ಲಿ ಶೇಷ 7 ಕೊಡುತ್ತದೆ, ಹಾಗಾಗಿ ಮೂರು ವರ್ಗಗಳ ಮೊತ್ತವಾಗದು. ಅದರ ಲೋಕದಲ್ಲಿ 2ರ ಒಂದು ವರ್ಗಮೂಲ 2⁶⁸¹³⁹⁹²¹.

ಎಡಗಡೆಯ ನೆರೆಯನ್ನೂ ವಿಚಾರಿಸಿ. ಅದು 2 × (2¹³⁶²⁷⁹⁸⁴⁰ − 1). ಆ ಘಾತಾಂಕವನ್ನು 32 ನಿಶ್ಶೇಷವಾಗಿ ಭಾಗಿಸುತ್ತದೆ, ಭಾಗಲಬ್ಧ 4258745. ಆದ್ದರಿಂದ 2³² − 1 ಇಡಿಯಾಗಿ ಆ ನೆರೆಯೊಳಗೆ ಕೂತಿದೆ. ಅದನ್ನು ಬಿಡಿಸಿದರೆ 3 × 5 × 17 × 257 × 65537. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ ಇವು ಫರ್ಮಾ ಅವಿಭಾಜ್ಯಗಳು. ಇಲ್ಲಿಯವರೆಗೆ ಗೊತ್ತಿರುವ ಅಂಥ ಐದೂ ನಾಲ್ಕು ಕೋಟಿ ಅಂಕಿಗಳ ಆ ಸಂಖ್ಯೆಯ ಪಕ್ಕದಲ್ಲೇ ಇವೆ, ಕಾಗದ ಪೆನ್ಸಿಲ್‌ಗೆ ಎಟುಕುವಂತೆ.